ಒಂದೇ ಬಣ್ಣದ ಹೊದಿಕೆ

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ಖಾಕಿ ಹಾಳೆಯ ವಾಸನೆ. ಮೊಮ್ಮಗಳ ಪುಸ್ತಕಗಳಿಗೆ ಹೊದಿಕೆ ಹಾಕುವ ಕೆಲಸ ನನ್ನದು. ನಾಲ್ಕಕ್ಕೆ ಚಹಾ, ನಾಲ್ಕೂಕಾಲಿಗೆ ಆರಂಭ, ಐದೂವರೆಗೆ ಮುಕ್ತಾಯ. ಕತ್ತರಿ ಬಲಕ್ಕೆ, ಅಳತೆಪಟ್ಟಿ ಎಡಕ್ಕೆ, ಅಂಟಿನ ಬಟ್ಟಲು ಎದುರಿಗೆ. ಸುರುಳಿ ಬಿಚ್ಚಿದ ಕೂಡಲೇ ಹೊಸ ಗೋಣಿಚೀಲದಂಥ, ಸ್ವಲ್ಪ ಒಣಮಣ್ಣಿನಂಥ ವಾಸನೆ ಮೂಗಿಗೆ ಬರುತ್ತದೆ.

ಈ ವರ್ಷ ಕೆಲಸ ಮುಗಿಸಿ ಪುಸ್ತಕಗಳನ್ನು ಸಾಲಾಗಿ ಇಟ್ಟಾಗ ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎಲ್ಲಾ ಒಂದ ನಮೂನಿ ಕಾಣತಾವಲ್ಲ ಅಜ್ಜಾ. ಗಣಿತ ಯಾವುದು, ಸಮಾಜ ಯಾವುದು, ಹೆಂಗ ತಿಳೀಬೇಕು?"

"ತೆರದ ನೋಡು," ಅಂದೆ.

ಅಂದ ಮೇಲೆ ನೆನಪಾಯಿತು. ಆ ಮಾತು ನನ್ನದಲ್ಲ. ಅದನ್ನು ನನಗೆ ಹೇಳಿದವಳು ಒಬ್ಬ ಬಳೆಗಾರ್ತಿ. ಹೇಳಿ ಇಪ್ಪತ್ತು ವರ್ಷದ ಹತ್ತಿರ ಆಗಿರಬೇಕು...

ಆಕೆಯ ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬರೆಯುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಸೀಮೆಯೊಳಗೆ ಎಲ್ಲೋ ಒಂದು ಕಡೆ ಅಂದುಕೊಂಡರೆ ಸಾಕು. ನಮ್ಮ ಕೆಲಸದಲ್ಲಿ ಹೆಸರು ಬಚ್ಚಿಡುವುದೂ ಒಂದು ಕೆಲಸ. ಅದನ್ನು ನಾನು ತಡವಾಗಿ ಕಲಿತೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಶಿಯನ್ ಆಗಿದ್ದೆ. ಓದಿದ್ದು ಮಠದ ಬೋರ್ಡಿಂಗಿನಲ್ಲಿ. ಬೆಳಗಿನ ಐದಕ್ಕೆ ಗಂಟೆ, ಐದೂಕಾಲಿಗೆ ತಣ್ಣೀರ ಸ್ನಾನ, ಹಾಸಿಗೆ ಸುತ್ತಿದ್ದು ಸೊಟ್ಟಗಿದ್ದರೆ ಬಿಚ್ಚಿ ಮತ್ತೆ ಸುತ್ತಬೇಕು. ಹಾಗೆ ಬೆಳೆದವನಿಗೆ ಜಗತ್ತಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಅಶಿಸ್ತಿನಿಂದ ಬರುತ್ತವೆ ಎಂಬ ನಂಬಿಕೆ ಇತ್ತು. ನನ್ನ ಕೋಣೆಯ ಬಾಗಿಲಿಗೆ ಬೋರ್ಡು ಬರೆಸಿ ಹಾಕಿದ್ದೆ: ರಕ್ತ ತೆಗೆಯುವ ಸಮಯ ಒಂಬತ್ತರಿಂದ ಹನ್ನೆರಡೂವರೆ. ಹನ್ನೆರಡು ಮೂವತ್ತೊಂದಕ್ಕೆ ಬಂದವರು ಮರುದಿನ ಬರಬೇಕು.

ನಮ್ಮಲ್ಲಿ ಎಚ್‌ಐವಿ ಪರೀಕ್ಷೆ ಆಗಷ್ಟೇ ಶುರುವಾಗಿತ್ತು. ಇಷ್ಟು ದೊಡ್ಡ ದೇಶದಲ್ಲಿ ಅದು ಹರಡದಂತೆ ತಡೆಯುವುದೆಂದರೆ ದಿಲ್ಲಿಯಿಂದ ಭಿತ್ತಿಪತ್ರ ಬರಬೇಕು, ಬೆಂಗಳೂರಿನಿಂದ ಸುತ್ತೋಲೆ ಬರಬೇಕು, ಬೆಳಗಾವಿಯಿಂದ ಜೀಪು ಬರಬೇಕು ಎಂದು ತಿಳಿದಿದ್ದೆ. ಮೂರೂ ಬರುತ್ತಿದ್ದವು. ಜೀಪು ಯರಗಟ್ಟಿಯ ಸಂತೆಯಲ್ಲಿ ನಿಂತು ಧ್ವನಿವರ್ಧಕದಲ್ಲಿ ಕೂಗಿ ಹೋಗುತ್ತಿತ್ತು. ಕೇಳಿದ ಗಂಡಸರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಹೆಂಗಸರು ತಲೆ ತಗ್ಗಿಸಿ ಬಸ್ಸು ಹತ್ತುತ್ತಿದ್ದರು. ಲಾರಿ ಓಡಿಸಲು, ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಲಾಪುರದ ಕಡೆ ಹೋಗಿ ಬರುವವರು ಎಲ್ಲ ಊರಿನಲ್ಲೂ ಇದ್ದರು. ಅವರ ಮನೆಯ ಹೆಂಗಸರ ಹತ್ತಿರ ಕುಳಿತು ಆ ವಿಷಯ ಮಾತಾಡುವವರು ಯಾರೂ ಇರಲಿಲ್ಲ.

ಬಳೆಗಾರ್ತಿ ಮೊದಲ ಸಲ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ. ತಲೆಯ ಮೇಲೆ ಬಳೆಯ ಗಂಟು, ಹಿಂದೆ ಒಬ್ಬ ಬಸುರಿ ಹೆಂಗಸು. ನಾನು ಬೋರ್ಡು ತೋರಿಸಿದೆ.

"ನನಗ ಅಕ್ಷರ ಬರೂದಿಲ್ರಿ," ಅಂದಳು.

"ಸಮಯ ಮುಗದೈತಿ ಅಂತ ಬರದೈತಿ."

"ನಾವು ಬಸ್ಸಿನ ಟೈಮಿಗೆ ಬರೂ ಮಂದಿರಿ ಗಡಿಯಾರ ಸಾಹೇಬ್ರ. ಆ ಡ್ರೈವರ್‌ಗ ನಿಮ್ಮ ಬೋರ್ಡ ತೋರಸ್ರಿ." ಹಾಗೆ ಹೇಳಿ ಗಂಟು ಇಳಿಸಿ ಬೆಂಚಿನ ಮೇಲೆ ಕುಳಿತೇ ಬಿಟ್ಟಳು.

ಅಂದಿನಿಂದ ಆಸ್ಪತ್ರೆಯ ಜವಾನನವರೆಗೆ ಎಲ್ಲರಿಗೂ ನಾನು ಗಡಿಯಾರ ಸಾಹೇಬನಾದೆ.

ಜೊತೆಗೆ ಬಂದಾಕೆ ಸೂಜಿ ಕಂಡು ಹಿಂದೆ ಸರಿದಾಗ ಬಳೆಗಾರ್ತಿ ತನ್ನ ತೋಳು ಚಾಚಿದಳು. "ಮೊದಲ ನಂದ ತಗೋರಿ. ನಾ ಕೊಡಲಾರದ ಬ್ಯಾರೆದವರಿಗೆ ಕೊಡ ಅಂತ ಹೆಂಗ ಹೇಳ್ಲಿ?" ನಾನು ತೆಗೆದುಕೊಂಡೆ. ಆಕೆಗೂ ಒಂದು ಕಾರ್ಡು ಆಯಿತು.

ಬಸುರಿಯರನ್ನು ಆಕೆ ಹೇಗೆ ಹುಡುಕುತ್ತಾಳೆಂದು ಕೇಳಿದಾಗ ನನ್ನ ಅಜ್ಞಾನಕ್ಕೆ ನಕ್ಕಳು. ನಮ್ಮ ಕಡೆ ಐದನೆಯ ತಿಂಗಳಿಗೋ ಏಳನೆಯ ತಿಂಗಳಿಗೋ ಕುಬಸ ಮಾಡುತ್ತಾರೆ. ಹೊಸ ಖಣದ ಕುಬಸ ತೊಡಿಸಿ, ಉಡಿ ತುಂಬಿ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಇಡಿಸುತ್ತಾರೆ. ಬಳೆಗಾರ್ತಿಗೆ ಮೊದಲೇ ಹೇಳಿಟ್ಟಿರುತ್ತಾರೆ. ನಮ್ಮ ನರ್ಸಿನ ಪಟ್ಟಿಗೆ ಹೆಸರು ಸೇರುವ ಮೊದಲೇ ಯಾವ ಓಣಿಯಲ್ಲಿ ಯಾರು ಬಸುರಿ ಎಂಬುದು ಆಕೆಗೆ ಗೊತ್ತಿರುತ್ತಿತ್ತು.

ಆಮೇಲೆ ಒಂದು ಸಲ ಆಸ್ಪತ್ರೆಯ ಹೊರಗಿನ ಬೇವಿನ ಮರದಡಿ ಆಕೆ ಬಳೆ ಇಡುವುದನ್ನು ನೋಡಿದೆ. ಗಿರಾಕಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳು ಒತ್ತಿ ಮಡಚಿ, ಬಳೆಯನ್ನು ಒಂದಿಷ್ಟೇ ಒಂದಿಷ್ಟೇ ಏರಿಸುತ್ತಿದ್ದಳು. ಅಷ್ಟು ಹೊತ್ತು ಆ ಹೆಂಗಸು ಎದ್ದು ಹೋಗುವಂತಿಲ್ಲ, ಕೈ ಎಳೆದುಕೊಳ್ಳುವಂತಿಲ್ಲ. ಅತ್ತೆಗೆ ಕೇಳಿಸದ ದನಿಯಲ್ಲಿ ಆಕೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ಗಂಡ ಎಲ್ಲಿ ದುಡಿಯುತ್ತಾನೆ, ಊರಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತಾನೆ, ರಕ್ತ ಯಾಕೆ ತೋರಿಸಬೇಕು. ಗಂಟಿನ ತಳದಲ್ಲಿ ಕಾಂಡೋಮ್ ಪೊಟ್ಟಣಗಳೂ ಇರುತ್ತಿದ್ದವು. ಯಾವ ಸಂಸ್ಥೆಯೂ ಆಕೆಯನ್ನು ನೇಮಿಸಿರಲಿಲ್ಲ. ಯಾಕೆ ಮಾಡುತ್ತಾಳೆಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತೇನೋ...

ಈಗ ನನ್ನ ತಪ್ಪಿನ ವಿಷಯ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಮಡಚುವ ಕಾರ್ಡು ಕೊಟ್ಟು, ಅದರದೇ ಜೋಡಿ ಒಂದನ್ನು ಕಪಾಟಿನಲ್ಲಿ ಇಡುತ್ತಿದ್ದೆವು. ಹುಡುಕಲು ಸುಲಭವಾಗಲಿ ಎಂದು ನಾನು ಅದಕ್ಕೆ ಬಣ್ಣ ಮಾಡಿದೆ. ಕ್ಷಯದವರಿಗೆ ಹಳದಿ, ಬಾಕಿಯವರಿಗೆ ಬಿಳಿ, ಎಚ್‌ಐವಿ ಇರುವವರಿಗೆ ಕೆಂಪು. ಇದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ, ಪೂರ್ತಿ ನನ್ನ ತಲೆಯದೇ. ಕಪಾಟು ತೆರೆದರೆ ಬಣ್ಣ ಬಣ್ಣದ ಸಾಲು. ಅದನ್ನು ನೋಡಿ ನಾನು ಹೆಮ್ಮೆಪಟ್ಟಿದ್ದೇನೆ.

ಬಳೆಗಾರ್ತಿ ಕರೆತಂದ ಬಸುರಿಯರಲ್ಲಿ ಒಬ್ಬಳಿಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಚೊಚ್ಚಲ ಬಸಿರು, ಐದನೆಯ ತಿಂಗಳು. ಗಂಡ ಲಾರಿ ಓಡಿಸುತ್ತಿದ್ದ. ಆಕೆಯ ರಕ್ತದಲ್ಲಿ ಎಚ್‌ಐವಿ ಇತ್ತು. ಕೌನ್ಸೆಲರ್ ಮೇಡಂ ಬಾಗಿಲು ಹಾಕಿಕೊಂಡು ಆಕೆಯೊಬ್ಬಳಿಗೇ ತಿಳಿಸಿ ಹೇಳಿದರು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ನೋವು ಶುರುವಾದಾಗ ತಾಯಿಗೆ ಒಂದು ಗುಳಿಗೆ, ಹುಟ್ಟಿದ ಮೂರು ದಿನದೊಳಗೆ ಕೂಸಿಗೆ ಕೆಲವು ಹನಿ ಔಷಧ. ಆಗ ನಮ್ಮ ಕೈಯಲ್ಲಿದ್ದದ್ದು ಅಷ್ಟೇ, ಆದರೆ ಅಷ್ಟರಿಂದಲೇ ಎಷ್ಟೋ ಕೂಸುಗಳು ಉಳಿಯುತ್ತಿದ್ದವು. ಮೇಡಂ ಇಷ್ಟೆಲ್ಲ ಗುಟ್ಟಾಗಿ ಹೇಳಿದರು. ಹೊರಗೆ ಬಂದ ಆಕೆಯ ಕೈಗೆ ನಾನು ಕೆಂಪು ಕಾರ್ಡು ಕೊಟ್ಟೆ.

ಮುಂದಿನ ತಾರೀಖಿಗೆ ಆಕೆ ಬರಲಿಲ್ಲ. ನಾನು ರಿಜಿಸ್ಟರಿನಲ್ಲಿ ಗೈರುಹಾಜರಿ ಎಂದು ಬರೆದೆ. ಎರಡು ವಾರ ಕಳೆದು ಬಳೆಗಾರ್ತಿ ಒಬ್ಬಳೇ ಬಂದು ಮೇಜಿನ ಎದುರು ನಿಂತಳು.

"ಆಕಿ ಬರೂದಿಲ್ರಿ. ತಾರೀಖ ನೋಡಕೋತ ಕುಂದರಬ್ಯಾಡ್ರಿ."

"ಯಾಕ?"

"ನಿಮ್ಮ ಕೆಂಪ ಕಾರ್ಡ ಐತೆಲ್ಲ, ಅದು ಅಕ್ಷರ ಬರಲಾರದ ಮಂದಿಗೂ ಓದಾಕ ಬರತೈತ್ರಿ. ನನಗೂ ಬರತೈತಿ."

ನಡೆದದ್ದು ಇಷ್ಟು. ಊರಿಗೆ ಹೊಳ್ಳಿ ಹೋಗುವಾಗ ಬಸ್ಸಿನಲ್ಲಿ ಆಕೆಯ ಚೀಲದಿಂದ ಕಾರ್ಡಿನ ತುದಿ ಹೊರಗೆ ಬಂದಿತ್ತು. ಅದೇ ಊರಿನ ಹೆಂಗಸೊಬ್ಬಳು ನಮ್ಮ ವರಾಂಡದಲ್ಲಿ ಕುಳಿತು ಯಾರಿಗೆ ಯಾವ ಬಣ್ಣ ಎಂದು ಮೊದಲೇ ತಿಳಿದುಕೊಂಡಿದ್ದವಳು. ಕಾರ್ಡು ಕಂಡು ಅವಳು ಪಕ್ಕದ ಸೀಟಿನಿಂದ ಎದ್ದು ನಿಂತಳು. ಬಸ್ಸು ಊರು ಮುಟ್ಟುವ ಮೊದಲು ಸುದ್ದಿ ಬಸ್ಸನ್ನೆಲ್ಲ ಸುತ್ತಿತ್ತು. ಗಂಡನ ಮನೆಯವರು ಹೇಳಿಟ್ಟಿದ್ದ ಹಸಿರು ಬಳೆ ಬೇಡವೆಂದು ಹೇಳಿ ಕಳಿಸಿ, ಆಕೆಯನ್ನು ತವರಿಗೆ ಬಿಟ್ಟು ಬಂದರು. ತವರಿನಲ್ಲಿ ಆಕೆಗೆ ತಟ್ಟೆ ಬೇರೆ, ಹಾಸಿಗೆ ಬೇರೆ, ದನದ ಕೊಟ್ಟಿಗೆಯ ಪಕ್ಕದ ಕೋಣೆ. ಮತ್ತೆ ಆ ಆಸ್ಪತ್ರೆಯ ಕಡೆ ಕಾಲಿಡಬೇಡ, ಹೆರಿಗೆ ಮನೆಯಲ್ಲೇ ಆಗಲಿ ಎಂದು ತಾಯಿ ಖಂಡಿತವಾಗಿ ಹೇಳಿದ್ದಳು. ಮನೆಯಲ್ಲಿ ಹೆತ್ತರೆ ಗುಳಿಗೆಯೂ ಇಲ್ಲ, ಕೂಸಿಗೆ ಹನಿಯೂ ಇಲ್ಲ.

ನಾನು ಮೊದಲು ವಾದ ಮಾಡಿದೆ, ಒಪ್ಪಿಕೊಳ್ಳುತ್ತೇನೆ. "ಬಣ್ಣ ಇರಲಿಲ್ಲಂದ್ರ ಹುಡುಕೂದ ಹೆಂಗ? ಒಂದ ಶಿಸ್ತ ಅನ್ನೂದ ಬ್ಯಾಡೇನು?"

ಆಕೆ ಗಂಟನ್ನು ಮೇಜಿನ ಮೇಲೆ ಇಟ್ಟು ಬಿಚ್ಚಿದಳು. ಒಳಗೆ ಹತ್ತು ಹನ್ನೆರಡು ಡಬ್ಬಿ. ಎಲ್ಲಕ್ಕೂ ಒಂದೇ ತರಹ ಹಳೆಯ ಪೇಪರು ಸುತ್ತಿತ್ತು.

"ಇದರಾಗ ಗೌಡರ ಮನಿ ಬಳಿ ಅದಾವ, ಕೂಲಿಯವರ ಮನಿ ಬಳಿ ಅದಾವ. ಯಾರಿಗೆ ಯಾವುದು ಅಂತ ಓಣಿ ಮಂದಿಗೆ ತಿಳೀಬಾರದು. ನನಗ ಬೇಕಂದ್ರ ನಾ ತೆರದ ನೋಡತೇನಿ. ನೀವೂ ತೆರದ ನೋಡ್ರಿ ಸಾಹೇಬ್ರ. ನಿಮ್ಮ ಕಣ್ಣಿಗೇನ ಆಗೈತಿ?"

ಎದ್ದು ಹೋಗಿ, ಎಲ್ಲ ಕಾರ್ಡಿಗೂ ಒಂದೇ ಹೊದಿಕೆ ಹಾಕಲೇ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ, ಅವರು ಕೂಡಲೇ ಒಪ್ಪಿದರು. ಶಾಲೆಯ ಎದುರಿನ ಅಂಗಡಿಯಿಂದ ಖಾಕಿ ಹಾಳೆಯ ಸುರುಳಿಗಳನ್ನು ತಂದು ಎಲ್ಲ ಕಾರ್ಡುಗಳಿಗೂ ಹೊದಿಕೆ ಹಾಕಲು ಕುಳಿತೆ. ಜ್ವರದವರದು, ಕ್ಷಯದವರದು, ಕೆಂಪಿನವರದು, ಎಲ್ಲ ಒಂದೇ. ಬಳೆಗಾರ್ತಿ ತನ್ನ ಕುಬಸದೊಳಗಿಂದ ತನ್ನದನ್ನು ತೆಗೆದು ಮುಂದಿಟ್ಟಳು. "ಮೊದಲ ನಂದಕ್ಕ ಹಾಕ್ರಿ." ಪೂರ್ತಿ ಮುಗಿಯಲು ಮೂರು ದಿನ ಹಿಡಿಯಿತು. ಆ ಮೂರು ದಿನ ನಾನು ಹನ್ನೆರಡೂವರೆಗೆ ಬಾಗಿಲು ಹಾಕಲಿಲ್ಲ.

ಆದರೆ ಆ ಹುಡುಗಿಯ ಕಾರ್ಡಿಗೆ ಹೊದಿಕೆ ಹಾಕಿ ಪ್ರಯೋಜನವಿರಲಿಲ್ಲ. ಆಕೆಗೆ ಏಳು ತಿಂಗಳು ತುಂಬುತ್ತಿತ್ತು.

"ಬರೂ ಐತವಾರ ನಾ ಹೋಗಿ ಕುಬಸಾ ಮಾಡತೇನಿ," ಅಂದಳು ಬಳೆಗಾರ್ತಿ. "ಹೇಳಿಟ್ಟ ಬಳಿ ಹಂಗ ಅದಾವ. ನೀವು ಬರ್ರಿ."

"ನಾ ಬಂದ್ರ ಮಂದಿಗೆ ಗೊತ್ತಾಗೂದಿಲ್ಲೇನು?"

"ಗೊತ್ತಾಗೂದ ಇನ್ನೇನ ಉಳದೈತ್ರಿ? ನನ್ನ ತಮ್ಮ ಅಂತ ಹೇಳತೇನಿ. ಗಂಟ ಹೊರಾಕ ಬಂದಾನ ಅಂತ."

ಸುಳ್ಳು ಹೇಳುವುದು ನನಗೆ ಹಿಡಿಸಲಿಲ್ಲ. ಆದರೂ ಹೋದೆ. ಬಸ್ಸಿಳಿದು ಹೊಲದ ಬದುವಿನ ಮೇಲೆ ಅರ್ಧ ತಾಸು ನಡಿಗೆ. ಗಂಟು ನನ್ನ ತಲೆಯ ಮೇಲೆ. ಗಾಜು ಎಷ್ಟು ಭಾರ ಎಂಬುದು ಅಂದು ತಿಳಿಯಿತು. ಹಿಂದಿನಿಂದ ಆಕೆ ಹೇಳುತ್ತಲೇ ಇದ್ದಳು. "ಸಾವಕಾಶ ತಮ್ಮಾ. ನೀ ಎಡವಿದರ ಊರಾನ ಹೆಂಗಸರೆಲ್ಲಾ ಬರಿಗೈಲೆ ಕುಂದರತಾರ."

ಆ ಮನೆಯ ಅಂಗಳದಲ್ಲಿ ಆಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಚಾಪೆ ಹಾಸಿ, ಹುಡುಗಿಯನ್ನು ಕರೆದು ಎದುರಿಗೆ ಕೂರಿಸಿ, ತಾನೇ ತಂದ ಖಣ, ಕೊಬ್ಬರಿ ಬಟ್ಟಲು, ಅಕ್ಕಿ ಹಾಕಿ ಉಡಿ ತುಂಬಿದಳು. ನೆರೆಹೊರೆಯ ಹೆಂಗಸರು ಬಂದು ಗೋಡೆಯ ಗುಂಟ ನಿಂತರು. ತಾಯಿ ಹೊಸ್ತಿಲಿನ ಒಳಗೇ ಇದ್ದಳು. ನಾನು ಕಟ್ಟೆಯ ಮೇಲೆ ತಮ್ಮನಾಗಿ ಕುಳಿತಿದ್ದೆ.

ಬಲಗೈಗೆ ಬಳೆ ಇಟ್ಟು ಮುಗಿಯಿತು. ಎಡಗೈಗೆ ನಾಲ್ಕನೆಯದೋ ಐದನೆಯದೋ ಏರಿಸುವಾಗ ಅದು ಒಡೆಯಿತು. ಹುಡುಗಿಯ ಮಣಿಕಟ್ಟಿನ ಮೇಲೆ ಒಂದು ಹನಿ ರಕ್ತ ಕಾಣಿಸಿತು.

ಗೋಡೆಯ ಗುಂಟ ನಿಂತವರು ಒಂದು ಹೆಜ್ಜೆ ಹಿಂದೆ ಸರಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ...

ಬಳೆಗಾರ್ತಿ ಹುಡುಗಿಯ ಕೈ ಬಿಡಲಿಲ್ಲ. "ತಮ್ಮಾ, ಹತ್ತಿ," ಅಂದಳು. ಅಭ್ಯಾಸಬಲದಿಂದ ನನ್ನ ಜೇಬಿನಲ್ಲಿ ಹತ್ತಿ ಇತ್ತು. ಅದನ್ನು ಹುಡುಗಿಗೆ ಕೊಟ್ಟು "ನೀನ ಒತ್ತಿ ಹಿಡ್ಕೋ" ಎಂದಳು. ಚೂರುಗಳನ್ನು ಕಾಗದದಿಂದ ಎತ್ತಿ ಮಡಚಿದಳು. ಸಾಬೂನು ನೀರು ತರಿಸಿ ಕೈ ತೊಳೆದಳು. ಆಮೇಲೆ ಎರಡೂ ಅಂಗೈಗಳನ್ನು ಹೆಂಗಸರ ಕಡೆಗೆ ತಿರುಗಿಸಿ ಹಿಡಿದಳು.

"ನೋಡ್ರೆವಾ, ಗಾಯ ಇಲ್ಲ. ಇದ್ದಿದ್ರ ಬಟ್ಟಿ ಸುತ್ತಕೋತಿದ್ದೆ. ಇಷ್ಟ ಐತಿ ಇದರ ವಿದ್ಯಾ. ರಕ್ತ ಮುಟ್ಟಬಾರದು. ಮನಷ್ಯಾರನ್ನ ಮುಟ್ಟಬೇಕು."

ಉಳಿದ ಬಳೆ ಇಟ್ಟಳು. ಹುಡುಗಿ ಬಗ್ಗಿ ನಮಸ್ಕಾರ ಮಾಡಿದಾಗ ತಲೆಯ ಮೇಲೆ ಕೈಯಿಟ್ಟಳು. ಹತ್ತಿರ ಎರಡು ತಿಂಗಳಿನಿಂದ ಆಕೆಯನ್ನು ಯಾರೂ ಮುಟ್ಟಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

"ಇನ್ನ ಯಾರು ಕೈ ಕೊಡತೀರಿ?"

ಯಾರೂ ಮುಂದೆ ಬರಲಿಲ್ಲ. ಬಳೆಗಾರ್ತಿ ಅವಸರ ಮಾಡಲಿಲ್ಲ, ಡಬ್ಬಿ ಮುಂದಿಟ್ಟುಕೊಂಡು ಕುಳಿತಳು. ನಾನು ಗಡಿಯಾರ ನೋಡಿಕೊಂಡೆ. ಒಂಬತ್ತು ನಿಮಿಷ. ಕೊನೆಗೆ ತಾಯಿ ಹೊಸ್ತಿಲು ದಾಟಿ ಬಂದು ಮಗಳ ಪಕ್ಕ ಕುಳಿತು ಕೈ ಚಾಚಿದಳು. ಬಳೆಗಾರ್ತಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ನಿಧಾನವಾಗಿ ಬಳೆ ಏರಿಸಿದಳು, ಏರಿಸುತ್ತ ಕಿವಿಯ ಹತ್ತಿರ ಏನೋ ಹೇಳುತ್ತಲೇ ಇದ್ದಳು. ಮಾತು ನನಗೆ ಕೇಳಿಸಲಿಲ್ಲ. ತಾಯಿ ತಲೆಯಾಡಿಸಿದ್ದು ಕಾಣಿಸಿತು.

ಹೆರಿಗೆ ಆಸ್ಪತ್ರೆಯಲ್ಲೇ ಎಂದು ಅಲ್ಲಿ ಗಟ್ಟಿಯಾಯಿತು.

ದಿನ ಹತ್ತಿರ ಬಂದಾಗ ಬಳೆಗಾರ್ತಿ ತಾನೇ ತಾಯಿ ಮಗಳನ್ನು ಟೆಂಪೋದಲ್ಲಿ ಕರೆತಂದಳು. ಬೆಳಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇತ್ತು, ನಾನು ಬಾಗಿಲ ಬೀಗ ತೆಗೆಯುತ್ತಿದ್ದೆ. "ಇವತ್ತ ನಿಮ್ಮ ಗಡಿಯಾರಕ್ಕ ಬಂದೇನ್ರಿ," ಅಂದಳು. ಗುಳಿಗೆಯೂ ಸಮಯಕ್ಕಾಯಿತು, ಹನಿಯೂ ಸಮಯಕ್ಕಾಯಿತು. ಹೆಣ್ಣು ಕೂಸು.

ಕೂಸಿಗೆ ಎಚ್‌ಐವಿ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಲು ಆಗ ಹದಿನೆಂಟು ತಿಂಗಳು ಕಾಯಬೇಕಿತ್ತು. ಕಾದೆವು. ಆ ದಿನ ನಾನು ಎಷ್ಟು ಸಲ ಪರೀಕ್ಷೆ ಮಾಡಬೇಕೆಂಬ ನಿಯಮವಿತ್ತೋ ಅದಕ್ಕಿಂತ ಒಂದು ಸಲ ಹೆಚ್ಚು ಮಾಡಿದೆ. ಮಗುವಿಗೆ ಇರಲಿಲ್ಲ. ಖಾಕಿ ಹೊದಿಕೆಯ ಕಾರ್ಡು ಹಿಡಿದು ಹೊರಗೆ ಬಂದಾಗ ಬಳೆಗಾರ್ತಿ ಬೆಂಚಿನ ಮೇಲಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದಳು. "ನನಗ್ಯಾಕ ಹೇಳತೀರಿ? ಆಕಿಗೆ ಹೇಳ್ರಿ." ಅಷ್ಟು ವರ್ಷಗಳಲ್ಲಿ ತಾನು ಕರೆತಂದ ಒಬ್ಬರದೂ ಫಲಿತಾಂಶ ಆಕೆ ಕೇಳಿದ್ದಿಲ್ಲ. ಆ ದಿನವೂ ಕೇಳಲಿಲ್ಲ. ಕೌನ್ಸೆಲರ್ ಕೋಣೆಯಿಂದ ಹುಡುಗಿ ಹೊರಗೆ ಬಂದಾಗ ಅವಳ ಮುಖ ನೋಡಿ ಗಂಟು ಎತ್ತಿಕೊಂಡು ಬಸ್ಸಿಗೆ ಹೋದಳು.

ಆ ಅಂಗಳದ ಕುಬಸಕ್ಕೆ ಆಕೆ ಬೆಲೆ ಕೊಟ್ಟಳು. ಆ ಓಣಿಯವರು, ಪಕ್ಕದ ಎರಡು ಊರಿನವರು ವರ್ಷಗಟ್ಟಲೆ ಆಕೆಯನ್ನು ಬಳೆ ಇಡಲು ಕರೆಯಲಿಲ್ಲ. ಮೂಲ ತಪ್ಪು ನನ್ನ ಕಾರ್ಡಿನದು. ಒಂದು ದಿನ ಅದನ್ನು ಹೇಳಲು ಹೋದೆ. ಆಕೆ ಮಾತು ಮುಗಿಸಲು ಬಿಡಲಿಲ್ಲ. "ಗಾಜಿನ ಬಳಿರಿ ಅವು. ಎಷ್ಟ ದಿನಾ ಒಡೀಲಾರದ ಇರತಾವ? ಒಡದ ದಿನಾ ಕರೀತಾರ." ಕರೆದರು ಕೂಡ. ಎಲ್ಲರೂ ಅಲ್ಲ.

ನಾನು ನಿವೃತ್ತನಾದೆ. ಮೇಲಿನವರು ತಪಾಸಣೆಗೆ ಬಂದಾಗ ನಮ್ಮ ಒಂದೇ ಬಣ್ಣದ ಕಾರ್ಡುಗಳನ್ನು ನೋಡಿ ನನ್ನನ್ನು ಹೊಗಳಿದ್ದರು. ಇದು ಒಬ್ಬ ಬಳೆಗಾರ್ತಿಯ ವಿಚಾರ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಆಕೆಯನ್ನು ಅಕ್ಕ ಎಂದು ಒಮ್ಮೆಯೂ ಕರೆಯಲಿಲ್ಲ. "ನೋಡಮ್ಮಾ" ಎಂದೇ ಮಾತಾಡಿದೆ, ಕೊನೆಯವರೆಗೂ.

ಆಕೆ ತೀರಿಹೋದ ಸುದ್ದಿ ನನಗೆ ಹನ್ನೊಂದು ದಿನ ತಡವಾಗಿ ತಿಳಿಯಿತು. ಎಂದೂ ತಡಮಾಡದವನು ತಡವಾಗಿ ಹೋದೆ. ಸೊಸೆ ಚಹಾ ಕೊಟ್ಟು, ಟ್ರಂಕಿನಿಂದ ಒಂದು ಕಾರ್ಡು ತಂದು ನನ್ನ ಕೈಯಲ್ಲಿಟ್ಟಳು. "ನಿಮ್ಮ ದವಾಖಾನೀದ ಐತೇನ್ರಿ? ಅತ್ತಿ ಯಾರಿಗೂ ಮುಟ್ಟಗೊಟ್ಟಿಲ್ಲ. ನಾವೂ ತೆರದ ನೋಡಿಲ್ಲ. ನೀವ ಇಟ್ಕೋರಿ." ಖಾಕಿ ಹೊದಿಕೆ ಬೆವರಿಗೆ ಕಪ್ಪಾಗಿ, ಅಂಚು ಸವೆದಿತ್ತು. ಒಳಗೆ ಏನು ಬರೆದಿತ್ತು ಎಂಬುದು ನನಗೆ ಗೊತ್ತು, ಬರೆದವನು ನಾನೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಿಯೂ ಬರೆಯುವುದಿಲ್ಲ.

ಹೋದ ವರ್ಷ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಆ ಹುಡುಗಿಯನ್ನೂ ಆಕೆಯ ಮಗಳನ್ನೂ ಕಂಡೆ. ತಾಯಿ ದಿನವೂ ಗುಳಿಗೆ ತೆಗೆದುಕೊಂಡು ಗಟ್ಟಿಯಾಗಿದ್ದಾಳೆ. ಮಗಳ ಹೆಗಲಿನಲ್ಲಿ ಕಾಲೇಜಿನ ಚೀಲ. ಇವರು ಯಾರು ಎಂದು ಮಗಳು ಕೇಳಬಾರದಲ್ಲ, ಅದಕ್ಕೆ ನಾನು ಮಾತಾಡಿಸದೆ ಮುಂದೆ ಹೋದೆ. ತಾಯಿ ಗುರುತು ಹಿಡಿದಳು. ಕೈಯ ಬಳೆಗಳನ್ನು ಒಂದು ಸಲ ಮೇಲಕ್ಕೆ ಸರಿಸಿಕೊಂಡಳು. ಗಾಜಿನ ಸದ್ದು ಬಂತು. ನನಗೆ ಅಷ್ಟು ಸಾಕಾಯಿತು...

ಈ ಸಂಜೆ ಪುಸ್ತಕಗಳಿಗೆಲ್ಲ ಹಾಕಿದ ಮೇಲೆ ಒಂದು ತುಂಡು ಖಾಕಿ ಹಾಳೆ ಉಳಿಯಿತು. ಕಪಾಟಿನಿಂದ ಆ ಕಾರ್ಡು ತೆಗೆದು, ಹಳೆಯ ಹೊದಿಕೆಯ ಮೇಲೆಯೇ ಹೊಸದನ್ನು ಹಾಕಿದೆ. ಅಂಚು ಮಡಚುವಾಗ ಒಳಗೆ ಕಣ್ಣು ಹಾಯಿಸಲಿಲ್ಲ. ಐದೂವರೆ ದಾಟಿತ್ತು.

"ಇದ್ಯಾರದು ಅಜ್ಜಾ?" ಮೊಮ್ಮಗಳು ಕೇಳಿದಳು.

"ನಮ್ಮ ಅಕ್ಕಂದು."

"ನಿನಗ ಅಕ್ಕ ಇದ್ಲು?"

"ಇದ್ಲು," ಅಂದೆ.